ನಾಲ್ಕನೇ ಅಧ್ಯಾಯ

ರಾಜ್ಯಶಾಸ್ತ್ರದ ಮೇಡಂಗೆ ಆ ವರ್ಷ ಕಾಲೇಜಿನವರು ಒಂದು ಕೆಲಸ ಒಪ್ಪಿಸಿದ್ದರು. ಗಡಿಯುದ್ಧಗಳ ಕುರಿತ ಎರಡು ಪುಸ್ತಕಗಳಲ್ಲಿ ಒಂದನ್ನು ಕೊನೆಯ ವರ್ಷದವರಿಗೆ ಪಠ್ಯವಾಗಿ ಆರಿಸಬೇಕು. ಒಂದು ಯಾರೋ ಹೊಸ ಲೇಖಕಿಯದು. ಒಣ ಭಾಷೆ, ಪುಟಪುಟಕ್ಕೂ ಅಡಿಟಿಪ್ಪಣಿ. ಇನ್ನೊಂದು ಅವಳ ಗುರುಗಳದು. ಕೈಹಿಡಿದು ಸಂಶೋಧನೆ ಕಲಿಸಿದವರು, "ಇವಳು ನನ್ನ ಮಗಳಿದ್ದ ಹಾಗೆ" ಎಂದು ನಾಲ್ಕು ಜನರೆದುರು ಹೇಳುತ್ತಿದ್ದವರು. ಓದುವ ಮೊದಲೇ ಅವಳ ಮನಸ್ಸು ಯಾವ ಕಡೆ ವಾಲಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಗುರುಗಳ ಪುಸ್ತಕ ತೆರೆದು ಕೂತಳು. ನಾಲ್ಕನೇ ಅಧ್ಯಾಯಕ್ಕೆ ಬಂದವಳು ಒಂದು ಸಾಲನ್ನು ಮತ್ತೆ ಮತ್ತೆ ಓದಿದಳು. ನಿರಾಶ್ರಿತರ ಶಿಬಿರದಲ್ಲಿ ಮುದುಕಿಯೊಬ್ಬಳು ಹೇಳುತ್ತಾಳೆ: "ಗೆರೆ ಎಳೆದೋರು ನಮ್ಮ ಬಾವೀನ ಆ ಕಡೆ ಹಾಕಿದ್ರು, ಬಿಂದಿಗೇನ ಈ ಕಡೆ ಬಿಟ್ರು." ಆ ಮಾತು ಕೇಳಿಸಿಕೊಂಡವಳು ಇವಳು. ಹನ್ನೆರಡು ವರ್ಷದ ಹಿಂದೆ, ಮೈ ಸುಡುವ ಜ್ವರದಲ್ಲಿ, ಡೇರೆಯೊಳಗೆ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಂಡಿದ್ದಳು. 'ನೋಡಿ ಕೊಡ್ತೀನಿ' ಎಂದು ಅದನ್ನು ಇಸಿದುಕೊಂಡ ಗುರುಗಳು, 'ಇದರಲ್ಲಿ ಹುರುಳಿಲ್ಲ, ಬೇರೆ ವಿಷಯ ಹಿಡಿ' ಎಂದಿದ್ದರು. ಅವಳು ಹಿಡಿದೂ ಇದ್ದಳು, ನೋಟ್‌ಬುಕ್ ಮಾತ್ರ ವಾಪಸ್ ಬಂದಿರಲಿಲ್ಲ. ಈಗ ಅಚ್ಚಿನಲ್ಲಿತ್ತು: 'ನಾನು ಆಕೆಯ ಎದುರು ಕುಳಿತಿದ್ದೆ.' ಕೃತಜ್ಞತೆಯ ಪುಟದಲ್ಲಿ ತನ್ನ ಹೆಸರು ಹುಡುಕಿದಳು. ಟೈಪ್ ಮಾಡಿದವನ ಹೆಸರೂ ಇತ್ತು, ಅವಳದಿರಲಿಲ್ಲ.

ಫೋನ್ ಮಾಡಿದಳು.

"ಸರ್, ಆ ಶಿಬಿರಕ್ಕೆ ನೀವು ಯಾವಾಗ ಹೋಗಿದ್ರಿ?"

"ನಿಂದು ನಂದು ಅಂತ ಪಾಲು ಮಾಡೋಕೆ ನಾವೇನು ದಾಯಾದಿಗಳೇನಮ್ಮ? ಆಯ್ಕೆಗೆ ನಿನ್ನನ್ನೇ ಕೇಳಿ ಅಂತ ಪ್ರಿನ್ಸಿಪಾಲರಿಗೆ ಹೇಳಿದ್ದು ನಾನೇ. ನಮ್ಮವಳು ಅಂತ."

ಕದ್ದದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಇವಳು ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಅವರಿಗೆ ಅಷ್ಟು ಖಾತ್ರಿಯಿತ್ತು.

ಮಧ್ಯಾಹ್ನವೆಲ್ಲ ಒದ್ದಾಡಿದಳು. ವಿದ್ಯಾರ್ಥಿಗಳು ಓದಬೇಕಾದದ್ದು ಆ ಅಧ್ಯಾಯವನ್ನೇ. ಎರಡೂ ಪುಸ್ತಕಗಳಲ್ಲಿ ಅಷ್ಟು ಜೀವವಿದ್ದದ್ದು ಬೇರೊಂದಿರಲಿಲ್ಲ.

"ಒಂದು ಹೆಸರಿಗೋಸ್ಕರ ಅಷ್ಟು ದೊಡ್ಡೋರನ್ನ ಎದುರು ಹಾಕ್ಕೊಳ್ತೀಯಾ?" ಎಂದ ಗಂಡ.

"ಹೆಸರಿಗಲ್ಲ. ಆ ಅಜ್ಜಿ ನನ್ನ ನಂಬಿ ಹೇಳಿದ್ಲು."

ಸೋಮವಾರ ವರದಿ ಕೊಟ್ಟಳು. ಒಣ ಭಾಷೆಯ ಪುಸ್ತಕವನ್ನು ಆರಿಸಿದ್ದಳು. ಕಾರಣ ಎರಡೇ ಸಾಲು: 'ಈ ಲೇಖಕಿ ತಾನು ಕಾಣದ್ದನ್ನು ಕಂಡೆನೆಂದು ಬರೆದಿಲ್ಲ. ಇನ್ನೊಂದು ಪುಸ್ತಕದ ನಾಲ್ಕನೇ ಅಧ್ಯಾಯ ನನ್ನದು.'

ಪ್ರಿನ್ಸಿಪಾಲರು ಕನ್ನಡಕ ತೆಗೆದು, "ಸಾಕ್ಷಿ ಇದೆಯಾ?" ಎಂದರು.

"ಅದು ಅವರ ಮನೇಲಿದೆ."

ಅವರು ಎರಡನೇ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ಹೊಸ ಲೇಖಕಿಯ ಪುಸ್ತಕ ಪಠ್ಯವಾಯಿತು. ಗುರುಗಳು ಮಾತ್ರ ಹೋದಲ್ಲೆಲ್ಲ, ತಾವು ಸಾಕಿ ಬೆಳೆಸಿದ ಹುಡುಗಿಯೇ ಬೆನ್ನಿಗೆ ಚೂರಿ ಹಾಕಿದಳೆಂದು ಹೇಳಿಕೊಂಡು ತಿರುಗಿದರಂತೆ. ಅದನ್ನು ಕೇಳಿ ಅವಳಿಗೆ ಮೊದಲು ನಗು ಬಂತು. ಆಮೇಲೆ ಸ್ಟಾಫ್‌ರೂಮಿನ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.