ಕೊಟ್ಟಿಗೆಯ ಪಾಠ

ಉಡುತಡಿಯ ಉಚ್ಚಂಗಪ್ಪನಿಗೆ ಊರಲ್ಲಿ ಯಾರ ಭಯವೂ ಇರಲಿಲ್ಲ, ಸ್ವಂತ ಮಗನ ಕೈಯೊಂದನ್ನು ಬಿಟ್ಟು. ಹದಿನೈದು ತುಂಬಿದ ಲೋಕಪ್ಪನ ಕೈ ಆಗಲೇ ಅಪ್ಪನ ಕೈಗಿಂತ ದಪ್ಪವಾಗಿತ್ತು. ಆ ಕೈ ಏನು ಮಾಡಬಲ್ಲದು ಎಂಬುದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಪೇಟೆಯ ಶಾಲೆಯಲ್ಲಿ ಮೇಷ್ಟ್ರು ರೂಲುದೊಣ್ಣೆಯಿಂದ ಬೆರಳ ಗೆಣ್ಣಿಗೆ ಬಾರಿಸಿದಾಗ, ಹುಡುಗ ಅದೇ ದೊಣ್ಣೆ ಕಿತ್ತುಕೊಂಡು ತಿರುಗಿಸಿ ಕೊಟ್ಟಿದ್ದ. ಮೇಷ್ಟ್ರ ಮುಂಗೈ ಮೂಳೆ ಮುರಿದಿತ್ತು. ಶಾಲೆಯವರು ಹೆಸರು ಹೊಡೆದುಹಾಕಿದರು. ಸೊರಬದ ಕಡೆ ಸೇರಿಸೋಣವೆಂದು ಹೋದರೆ ಸುದ್ದಿ ಇವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು.

ಎಲ್.ಎಸ್. ಪರೀಕ್ಷೆಯನ್ನು ಮನೆಯಲ್ಲೇ ಓದಿ ಕಟ್ಟಬಹುದು ಎಂದು ಯಾರೋ ಹೇಳಿದ್ದೇ ತಡ, ಉಚ್ಚಂಗಪ್ಪ ತಾನೇ ಮೇಷ್ಟ್ರಾದ. ಎಂಟನೇ ಕ್ಲಾಸಿನ ಆ ಪರೀಕ್ಷೆ ಒಂದು ಪಾಸಾದರೆ ಮಗನಿಗೆ ಯಾವುದಾದರೂ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ಸಿಗದಿದ್ದರೆ ಆ ಕೈ ಒಂದು ದಿನ ಯಾರನ್ನಾದರೂ ಕೊಂದು ಜೈಲು ಸೇರುತ್ತದೆ. ಅಪ್ಪನ ಲೆಕ್ಕ ಇಷ್ಟೇ ಇತ್ತು, ಮತ್ತು ಆ ಲೆಕ್ಕ ಅವನಿಗೆ ರಾತ್ರಿ ನಿದ್ದೆ ಕೊಡುತ್ತಿರಲಿಲ್ಲ.

ಅವನು ಕಲಿತದ್ದು ಕೂಲಿಮಠದಲ್ಲಿ. ಅಲ್ಲಿಯ ಅಯ್ಯನವರು ಅಕ್ಷರವನ್ನು ಮಕ್ಕಳ ಬೆನ್ನ ಮೇಲೆ ಮೊದಲು ಬರೆದು ಆಮೇಲೆ ಮರಳಲ್ಲಿ ಬರೆಸುತ್ತಿದ್ದರು. ತಪ್ಪಿದವನಿಗೆ ಕೋದಂಡ. ಎರಡೂ ಕೈ ಸೇರಿಸಿ ಹಗ್ಗ ಬಿಗಿದು, ಹಗ್ಗವನ್ನು ತೊಲೆಯ ಮೇಲಿಂದ ಎಳೆದು, ಕಾಲ ಹೆಬ್ಬೆರಳ ತುದಿ ನೆಲ ಬಿಡುವವರೆಗೆ ಎತ್ತಿ ಕಟ್ಟುವುದು. ಉಚ್ಚಂಗಪ್ಪ ಎಷ್ಟೋ ಸಲ ಹಾಗೆ ನೇತಾಡಿದ್ದ, ನೇತಾಡುತ್ತಲೇ ಉಚ್ಚೆ ಹೊಯ್ದುಕೊಂಡಿದ್ದ. ಇವತ್ತು ಪಹಣಿ ಓದಲು ಬರುತ್ತದೆ, ಮುಕ್ಕಾಲು ಮಗ್ಗಿ ತಡೆಯಿಲ್ಲದೆ ಬರುತ್ತದೆ ಎಂದರೆ ಅದು ಆ ಹಗ್ಗದ ಪುಣ್ಯ ಎಂದೇ ನಂಬಿದ್ದ. ನಂಬಿಕೆ ಅಂದಮೇಲೆ ಕೇಳುವ ಹಾಗಿಲ್ಲ.

ಹೀಗಾಗಿ ದಿನಾ ಬೆಳಗ್ಗೆ ಹಾಲು ಕರೆದಾದ ಮೇಲೆ ಪಡಸಾಲೆಯಲ್ಲಿ ಪಾಠ. ಮಗನ ಮುಂದೆ ಪುಸ್ತಕ, ಅಪ್ಪನ ತೊಡೆಯ ಮೇಲೆ ಎತ್ತಿನ ಬಾರುಕೋಲು. ಲೆಕ್ಕ ತಪ್ಪಿದರೆ ಬೆನ್ನಿಗೆ, ಮಗ್ಗಿ ತಪ್ಪಿದರೆ ಮೀನಖಂಡಕ್ಕೆ, ಎದುರು ಮಾತಿಗೆ ಎಲ್ಲಿ ಸಿಕ್ಕಿದರೆ ಅಲ್ಲಿಗೆ. ಪ್ರತಿ ಏಟಿಗೂ ಹುಡುಗನ ಕೈ ಮೇಲೆ ಏಳುತ್ತದೇನೋ ಎಂದು ಉಚ್ಚಂಗಪ್ಪ ನೋಡುತ್ತಿದ್ದ. ಏಳುತ್ತಿರಲಿಲ್ಲ. ಲೋಕಪ್ಪ ಹಲ್ಲು ಕಚ್ಚಿಕೊಂಡು ನೆಲ ನೋಡುತ್ತಿದ್ದ. ಏಳದಿದ್ದಷ್ಟೂ ಅಪ್ಪನ ಭಯ ಹೆಚ್ಚುತ್ತಿತ್ತು, ಭಯ ಹೆಚ್ಚಿದಷ್ಟೂ ಏಟು ಹೆಚ್ಚುತ್ತಿತ್ತು. ಒಂದು ದಿನ ತೊಲೆಗೆ ಹಗ್ಗವೂ ಬಿತ್ತು. ಅಂದು ಹೆಂಡತಿ ಹುಲಿಯಮ್ಮ ಕುಡುಗೋಲು ಹಿಡಿದುಕೊಂಡು ಒಳಗಿಂದ ಬಂದವಳೇ ಹಗ್ಗ ಕೊಯ್ದು ತುಂಡು ಮಾಡಿ, ಒಲೆಗೆ ಹಾಕಿದಳು.

"ಇನ್ನೊಂದ್ಸಲ ನನ್ ಕಣ್ಮುಂದೆ ಕಟ್ಟಿ ನೋಡ್ರಿ," ಎಂದಳು.

ಉಚ್ಚಂಗಪ್ಪ ಮಾತು ಕೊಟ್ಟ. ಅವಳ ಕಣ್ಣಮುಂದೆ ಕಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಸೇರಿಸಿಕೊಂಡ.

ಇಂಗ್ಲಿಷಿನದೇ ಕಷ್ಟ. ಅದರ ಒಂದಕ್ಷರವೂ ಅವನಿಗೆ ಗೊತ್ತಿರಲಿಲ್ಲ. ಹಾಗೆಂದು ಮಗನ ಮುಂದೆ ಒಪ್ಪಿಕೊಂಡರೆ ಮೇಷ್ಟ್ರುತನ ಉಳಿಯುತ್ತದೆಯೇ? ಅದಕ್ಕೆ ತನ್ನದೇ ಒಂದು ಉಪಾಯ ಹೂಡಿದ್ದ. ಹುಡುಗ ಗಟ್ಟಿಯಾಗಿ ಓದಬೇಕು, ತಡವರಿಸಿದರೆ ತಪ್ಪು, ಏಟು, ತಡವರಿಸದಿದ್ದರೆ ಸರಿ. ಮೊದಮೊದಲು ಲೋಕಪ್ಪನ ಬೆನ್ನು ಬಾತುಹೋಯಿತು. ಆಮೇಲೆ ಅವನ ಇಂಗ್ಲಿಷು ನಾಲೆಯ ನೀರಿನ ಹಾಗೆ ಹರಿಯತೊಡಗಿತು. ಪುಟ ತಿರುವಿದ ಹಾಗೆಲ್ಲ ಸರಾಗವಾಗಿ ಓದುತ್ತಿದ್ದ. ಉಚ್ಚಂಗಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ನನ್ನ ಮಗ ಗೆದ್ದ ಎಂದು ಎದೆಯುಬ್ಬುತ್ತಿತ್ತು.

ಅದೇ ಮನೆಯಲ್ಲಿ ಏಟು ತಿನ್ನದ ಜೀವವೂ ಒಂದಿತ್ತು. ದೀಪಾವಳಿಯ ಹೋರಿ ಬೆದರಿಸುವ ಆಟಕ್ಕೆಂದು ಸಾಕಿದ ಕೌಲ ಎಂಬ ಹೋರಿ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡು, ಕೋಲೆತ್ತಿ ಕೂಗುವ ಜನರ ನಡುವೆ ಯಾರ ಕೈಗೂ ಸಿಗದೆ ನುಗ್ಗಿ ಹೋಗಬೇಕು ಅದು. ಅಂಥ ಹೋರಿಗೆ ಯಾರೂ ಹೊಡೆಯುವುದಿಲ್ಲ. ಹೊಡೆಸಿಕೊಂಡದ್ದು ಜನ ಕಂಡರೆ ಮುದುರುತ್ತದೆ ಎಂಬುದು ಈ ಸೀಮೆಯಲ್ಲಿ ಕೂಸಿಗೂ ಗೊತ್ತು. ಹುರುಳಿ ತಿನ್ನಿಸಿ, ಅಂಜನಾಪುರದ ನೀರು ಬರುವ ನಾಲೆಯಲ್ಲಿ ಈಜಿಸಿ, ಲೋಕಪ್ಪನೇ ಅದನ್ನು ತಯಾರು ಮಾಡುತ್ತಿದ್ದ. ಸಂಜೆ ಹೊಲದಲ್ಲಿ ಗೆಳೆಯರು ಅದರೆದುರು ಕೋಲೆತ್ತಿ ನಿಲ್ಲುತ್ತಿದ್ದರು. ಕೋಲು ಎದ್ದರೆ ಸಾಕು, ಕೌಲ ತಲೆ ತಗ್ಗಿಸಿ ಕೋಲು ಹಿಡಿದವನ ಮೇಲೇ ನುಗ್ಗಬೇಕು. ಅವನು ಪಕ್ಕಕ್ಕೆ ಹಾರಬೇಕು. ಆಚೆ ತುದಿಯಲ್ಲಿ ಲೋಕಪ್ಪ "ಹೋ, ಹೋ" ಎಂದು ಕರೆದು ಬೆಲ್ಲ ಕೊಡಬೇಕು. ಬದುವಿನ ಮೇಲೆ ಕೂತು ನೋಡುತ್ತಿದ್ದ ಉಚ್ಚಂಗಪ್ಪನಿಗೆ ಮಗನ ಜಾಣತನ ಕಂಡು ಸಂತೋಷವಾಗುತ್ತಿತ್ತು. ಬೆಳಗಿನ ಪಾಠಕ್ಕೂ ಸಂಜೆಯ ಪಾಠಕ್ಕೂ ಇರುವ ಅಂತರ ಮಾತ್ರ ಅವನ ತಲೆಗೆ ಹತ್ತಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಬೆನಕಪ್ಪ ರಜೆಯ ಮೇಲೆ ಊರಿಗೆ ಬಂದವನು, ಒಂದು ಬೆಳಗ್ಗೆ ಜಗಲಿಗೆ ಬಂದು ಕೂತ. ಅಕ್ಕಪಕ್ಕದವರೂ ಇದ್ದರು. ಇದೇ ಸಮಯವೆಂದು ಉಚ್ಚಂಗಪ್ಪ ಮಗನನ್ನು ಕರೆದು, ಓದೋ ಇಂಗ್ಲಿಷು ಎಂದ. ಲೋಕಪ್ಪನ ಮುಖ ಬಿಳಿಚಿತು. ಆದರೂ ಓದಿದ. ಬೆನಕಪ್ಪ ಪುಸ್ತಕ ಇಸಿದುಕೊಂಡು ಬೇರೆ ಪುಟ ತೆಗೆದು ಕೊಟ್ಟ. ಹುಡುಗ ಅದನ್ನೂ ಓದಿದ. ಇನ್ನೊಂದು ಪುಟ ಕೊಟ್ಟ, ಅದನ್ನೂ ಓದಿದ.

ಬೆನಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಾಮ, ಎಲ್ಲಿ ತೆಗುದ್ರೂ ಅದೇ ಹಸುವಿನ್ ಪಾಠ ಹೇಳ್ತಾನಲ್ಲ. ಮೊದಲ್ನೇ ಪಾಠ ಬಾಯಿಪಾಠ ಮಾಡ್ಕಂಡು ಪುಸ್ತಕದ್ ತುಂಬ ಅದ್ನೇ ಮೇಯ್ಸ್ಯಾನೆ."

ಜಗಲಿ ತುಂಬ ನಗೆ ಎದ್ದಿತು. ಪಕ್ಕದ ಮನೆಯವನು, "ಮೇಷ್ಟ್ರು ಏನ್ ಮಾಡ್ತಿದ್ರು ಮತ್ತೆ, ನಿದ್ದೆ ಹೊಡೀತಿದ್ರೇನು?" ಎಂದು ಕೇಳಿದ.

ಉಚ್ಚಂಗಪ್ಪನೂ ನಕ್ಕ. ನಕ್ಕು, ಎಲ್ಲರಿಗೂ ಎಲೆ ಅಡಿಕೆ ಕೊಟ್ಟು, ಜಗಲಿ ಖಾಲಿಯಾಗುವ ತನಕ ಕಾದ. ಆಮೇಲೆ ಮಗನ ಜುಟ್ಟು ಹಿಡಿದು ಹಿತ್ತಲ ಕೊಟ್ಟಿಗೆಗೆ ಎಳೆದುಕೊಂಡು ಹೋದ. ಹುಲಿಯಮ್ಮ ಬಾವಿಗೆ ಹೋಗಿದ್ದಳು. ಕೊಟ್ಟಿಗೆಯ ತೊಲೆ ಪಡಸಾಲೆಯದಕ್ಕಿಂತ ಗಟ್ಟಿ, ಅಲ್ಲಿ ಅವಳ ಕಣ್ಣೂ ಇಲ್ಲ.

"ಕೈ ಕೊಡು ಇಲ್ಲಿ."

ಲೋಕಪ್ಪ ಕೊಟ್ಟ. ಮೇಷ್ಟ್ರ ಮೂಳೆ ಮುರಿದ ಆ ಎರಡು ಕೈಗಳನ್ನು ಸೇರಿಸಿ ಅಪ್ಪನ ಮುಂದೆ ಚಾಚಿದ. ಉಚ್ಚಂಗಪ್ಪ ಹಗ್ಗ ಬಿಗಿದು, ತೊಲೆಯ ಮೇಲೆ ಎಸೆದು, ಮೈಭಾರ ಹಾಕಿ ಎಳೆದ. ಹುಡುಗನ ಹೆಬ್ಬೆರಳು ನೆಲ ಬಿಟ್ಟಿತು. ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿದ ಮೇಲೆ ಬಾರುಕೋಲು ಬೀಸತೊಡಗಿದ.

"ನನ್ ಮರ್ಯಾದೆ ತಗದ್ಯಲ್ಲೋ. ಕಲೀತೀಯೋ ಇಲ್ವೋ?"

ಬಾರು ಬೆನ್ನಿಗೆ ಸುತ್ತಿಕೊಂಡು ಎದೆಯವರೆಗೆ ಬಂದು ಕಚ್ಚುತ್ತಿತ್ತು. ಅಂಗಿ ಹರಿಯಿತು. ಅಂಗಿಯ ಕೆಳಗಿನದೂ ಹರಿಯಿತು. ಯಾವತ್ತೂ ಕೂಗದ ಹುಡುಗ ಅವತ್ತು ಕೂಗಿದ. ಆ ಕೂಗು ಉಚ್ಚಂಗಪ್ಪನಿಗೆ ಒಂದು ಥರದ ಸಮಾಧಾನ ಕೊಟ್ಟಿತು. ಕೊನೆಗೂ ಪಾಠ ಒಳಗೆ ಇಳಿಯುತ್ತಿದೆ ಅನ್ನಿಸಿತು. ಇನ್ನೂ ಮೇಲಕ್ಕೆ, ತಲೆಗಿಂತ ಮೇಲಕ್ಕೆ, ಕೋಲೆತ್ತಿದ.

ಎಂಥ ದಡ್ಡತನ ನೋಡಿ. ಎರಡು ತಿಂಗಳಿಂದ ಸಂಜೆಸಂಜೆ ಬದುವಿನ ಮೇಲೆ ಕೂತು ನೋಡಿದವನು ಅವನೇ. ಕೌಲ ಅಲ್ಲೇ, ಅವನ ಬೆನ್ನ ಹಿಂದಿನ ಗೂಟದಲ್ಲಿತ್ತು. ಅದಕ್ಕೆ ಅಪ್ಪ ಮಗ ಗೊತ್ತಿಲ್ಲ, ಎಲ್.ಎಸ್. ಪರೀಕ್ಷೆ ಗೊತ್ತಿಲ್ಲ; ಎದ್ದ ಕೋಲೊಂದು ಗೊತ್ತು.

ಗೂಟ ಕಿತ್ತುಬಂದ ಸದ್ದಿಗೆ ಉಚ್ಚಂಗಪ್ಪ ತಿರುಗಿದ. ಪಕ್ಕಕ್ಕೆ ಹಾರಲು ಜಾಗವಿರಲಿಲ್ಲ. ಹೋರಿ ಅವನನ್ನು ಗೋದಲಿಯ ಕಲ್ಲಿಗೆ ಒತ್ತಿ ಹಿಡಿಯಿತು. ಪಕ್ಕೆಲುಬು ಮುರಿದದ್ದು ಅವನಿಗೇ ಕೇಳಿಸಿತು. ಎತ್ತಿದ ಬಲಗೈಗೆ ಕೊಂಬು ತೂರಿ, ಮೊಣಕೈ ಮೇಲಿನ ಮಾಂಸ ಬಿಚ್ಚಿಕೊಂಡು ಮೂಳೆ ಕಂಡಿತು. ಹೋರಿ ಹಿಂದಕ್ಕೆ ಸರಿದು ಮತ್ತೆ ತಲೆ ತಗ್ಗಿಸಿತು.

"ಹೋ, ಹೋ," ಎಂದ ಲೋಕಪ್ಪ, ನೇತಾಡುತ್ತಲೇ. ದನಿ ಹರಿದುಹೋಗಿತ್ತು. "ಹೋ, ಕೌಲಾ, ಹೋ."

ಕೌಲ ನಿಂತಿತು. ತಿರುಗಿ ಅವನ ಕಾಲ ಬಳಿಗೆ ಬಂದು, ಬೆಲ್ಲಕ್ಕಾಗಿ ಮೂತಿ ಚಾಚಿತು.

ಗದ್ದಲ ಕೇಳಿ ಓಡಿಬಂದ ಹುಲಿಯಮ್ಮ ಕೊಡ ಬಿಸಾಡಿ, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಕಿತ್ತು, ಮೊದಲು ಮಗನ ಹಗ್ಗ ಕೊಯ್ದಳು. ಲೋಕಪ್ಪ ಕೆಳಗೆ ಬಿದ್ದ, ಎದ್ದ. ಸೆಟೆದುಕೊಂಡ ಕೈಗಳನ್ನು ತಿಕ್ಕಿಕೊಳ್ಳುತ್ತ ಬಾರುಕೋಲು ಬಿದ್ದಲ್ಲಿಗೆ ಹೋಗಿ ಅದನ್ನು ಎತ್ತಿಕೊಂಡ. ನೆತ್ತರಿನಲ್ಲಿ ಬಿದ್ದಿದ್ದ ಉಚ್ಚಂಗಪ್ಪ ಅದನ್ನು ನೋಡಿದ. ಇಷ್ಟು ದಿನ ಕಾದ ಗಳಿಗೆ ಬಂತು, ಈಗ ನನ್ನ ಸರದಿ ಅಂದುಕೊಂಡ. ಅಂದುಕೊಂಡಾಗ ಅವನಿಗೆ ಅಂಜಿಕೆಯಾಗಲಿಲ್ಲ, ಹಗುರವಾಯಿತು. ಕಣ್ಣು ಮುಚ್ಚಿದ.

ಏಟು ಬಿತ್ತು. ಅವನ ಮೇಲಲ್ಲ.

"ನಮ್ಮಪ್ಪನ್ನ ಕೊಲ್ತೀಯೇನಲೇ? ಕೊಲ್ತೀಯಾ?"

ಲೋಕಪ್ಪ ಕೌಲನಿಗೆ ಹೊಡೆಯುತ್ತಿದ್ದ. ಮುಖಕ್ಕೆ, ಮೂಗಿಗೆ, ಕಣ್ಣಿಗೆ. ಹೋರಿ ಓಡಲಿಲ್ಲ, ಹಾಯಲೂ ಇಲ್ಲ. ಕೋಲು ಎತ್ತಿದವನು ಯಾರು, ಕರೆದು ಬೆಲ್ಲ ಕೊಡುವವನು ಯಾರು ಎಂದು ಅದಕ್ಕೆ ತಿಳಿಯದೆ ಮೂಲೆಗೆ ಸರಿದು ನಡುಗಿತು. ಅಪ್ಪ ಎಲ್ಲೆಲ್ಲಿ ಹೊಡೆಯುತ್ತಿದ್ದನೋ ಹೇಗೆ ಕೈ ತಿರುಗಿಸುತ್ತಿದ್ದನೋ, ಹುಡುಗನದೂ ಅದೇ ವರಸೆ. ಬಿಡೋ ಎನ್ನಲು ಉಚ್ಚಂಗಪ್ಪನ ಎದೆಯಲ್ಲಿ ಉಸಿರಿರಲಿಲ್ಲ. ನನಗೆ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿತು.

ಆಸ್ಪತ್ರೆಯಿಂದ ಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತರುವ ಹೊತ್ತಿಗೆ ದೀಪಾವಳಿ ಮುಗಿದಿತ್ತು. ಬಲಗೈ ಇನ್ನು ಮೇಲಕ್ಕೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪಡಸಾಲೆಯಲ್ಲೇ ಹಾಸಿಗೆ ಹಾಕಿದರು. ಲೋಕಪ್ಪ ಅಪ್ಪನನ್ನು ಎತ್ತಿ ಕೂರಿಸುತ್ತಿದ್ದ, ಮೈ ಒರೆಸುತ್ತಿದ್ದ, ಗಂಜಿ ಕುಡಿಸುತ್ತಿದ್ದ. ದಿನಾ ಬೆಳಗ್ಗೆ ಯಾರೂ ಹೇಳದೆ ಪುಸ್ತಕ ತಂದು ಹಾಸಿಗೆಯ ಪಕ್ಕ ಕೂತು ಓದುತ್ತಿದ್ದ. ಭಾನುವಾರಕ್ಕೆ ಊರಿಗೆ ಬರುವ ಬೆನಕಪ್ಪನ ಹತ್ತಿರ ಹೇಳಿಸಿಕೊಂಡು ಬಂದ ಇಂಗ್ಲಿಷನ್ನು ತಡವರಿಸುತ್ತ, ಒಂದೊಂದೇ ಮಾತು ಕೂಡಿಸಿಕೊಂಡು ಓದುತ್ತಿದ್ದ. ಈ ಸಲ ನಿಜವಾಗಿ ಓದುತ್ತಿದ್ದಾನೆ ಎಂದು ಉಚ್ಚಂಗಪ್ಪನಿಗೆ ಗೊತ್ತಾಗುತ್ತಿತ್ತು. ಮಾರ್ಚಿನಲ್ಲಿ ಹುಡುಗ ಪಾಸಾಗುತ್ತಾನೆ ಎಂದು ಬೆನಕಪ್ಪನೇ ಹೇಳಿಹೋಗಿದ್ದ. ಇಷ್ಟು ಒಳ್ಳೆಯ ಮಗ ಯಾರಿಗಿದ್ದಾನೆ ಎಂದುಕೊಂಡು ಉಚ್ಚಂಗಪ್ಪ ಗಂಜಿ ಕುಡಿಯುವಾಗ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ.

ಸಂಜೆ ಮಾತ್ರ ಹಿತ್ತಲ ಕಡೆಯಿಂದ ಸದ್ದು ಬರುತ್ತಿತ್ತು. ಬಾರು ಗಾಳಿ ಸೀಳುವ ಸದ್ದು, ಚರ್ಮಕ್ಕೆ ತಾಗುವ ಸದ್ದು. ಆಮೇಲೆ ಹೋರಿಯ ಮೂಗಿನಿಂದ ಹೊರಡುವ ಒಂದು ನರಳಾಟ. ಒಂದು ದಿನ ಹುಲಿಯಮ್ಮನನ್ನು ಕೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು.

"ಮೂಗುದಾಣ ತೊಲೆಗೆ ಎಳ್ದು ಕಟ್ಯಾನ್ರಿ. ಮುಂಗಾಲು ನೆಲಕ್ಕೆ ನೆಟ್ಟಗೆ ಊರಾಕೂ ಆಗಲ್ದಂಗೆ. ನನ್ ಮಾತು ಕೇಳಲ್ಲ ಅವ್ನು."

ಉಚ್ಚಂಗಪ್ಪ ಮಗನನ್ನು ಕೂಗಿ ಕರೆದ. ಲೋಕಪ್ಪ ಓಡಿ ಬಂದ. ಕೈಯಲ್ಲಿ ಬಾರುಕೋಲಿತ್ತು, ಹಣೆಯಲ್ಲಿ ಬೆವರಿತ್ತು.

"ಏನಪ್ಪ, ನೀರು ಬೇಕಾ?"

"ಕೌಲಂಗೆ ಹೊಡೀಬ್ಯಾಡ ಮಗಾ."

"ಹೊಡ್ಯಾಕಲ್ಲಪ್ಪ, ಕಲ್ಸಾಕೆ. ಕೋಲೆತ್ತಿದ್ರೆ ಮೈ ಅಳ್ಳಾಡಿಸ್ದಂಗೆ ನಿಲ್ಲಾದು ಕಲಿಸ್ತಿದೀನಿ. ಇನ್ಮೇಲೆ ನಿನ್ ತಂಟಿಗೆ ಬರ್ಬಾರ್ದು ಅದು."

"ಬ್ಯಾಡ ಅಂದ್ನಲ್ಲ. ಬಿಟ್ಬಿಡು ಅದನ್ನ."

ಲೋಕಪ್ಪ ಅಪ್ಪನ ಮುಖ ನೋಡಿದ. ಮಗನ ಮುಖದಲ್ಲಿ ಸಿಟ್ಟಿರಲಿಲ್ಲ, ಕುಚೋದ್ಯವಿರಲಿಲ್ಲ. ತಿಳಿಯದ ಲೆಕ್ಕವನ್ನು ಮೇಷ್ಟ್ರ ಹತ್ತಿರ ಕೇಳುವ ಹುಡುಗನ ಹಾಗೆ ಕೇಳಿದ.

"ಹೊಡೀದೆ ಹೆಂಗಪ್ಪ ಕಲೀತತಿ?"

ಹೊಡೆಯದೆ ಕಲಿಸುವುದನ್ನು ಉಚ್ಚಂಗಪ್ಪನಿಗೆ ಯಾರೂ ಕಲಿಸಿರಲಿಲ್ಲ. ಹುಡುಗ ಅಪ್ಪನ ಹೊದಿಕೆ ಸರಿಮಾಡಿ, ನೀರಿನ ಚೊಂಬನ್ನು ಎಡಗೈಗೆ ಎಟುಕುವಂತೆ ಇಟ್ಟು, ಹಿತ್ತಲಿಗೆ ಹೋದ. ಬಾರಿನ ಸದ್ದು ಮತ್ತೆ ಶುರುವಾಯಿತು. ಉಚ್ಚಂಗಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು ಅಳತೊಡಗಿದ.