ಮಣಿಯ ರಂಗೋಲಿಗಳನ್ನು ಹೊತ್ತ ಫೋನು

ನಾನು ಅಂಗೈಯಗಲದ ಒಂದು ಮೊಬೈಲ್ ಫೋನು. ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ. ಬಿಳಿ ಗವಸು ತೊಟ್ಟ ಹುಡುಗಿಯರು ಸಾಲಾಗಿ ಕುಳಿತು ನನ್ನ ಕಣ್ಣು, ಕಿವಿ, ಬಾಯಿಗಳನ್ನು ಕೂಡಿಸಿದರು. ಕೊನೆಯವಳು ಪೆಟ್ಟಿಗೆ ಮುಚ್ಚುವ ಮೊದಲು ನನ್ನ ಮೈಮೇಲಿದ್ದ ಧೂಳಿನ ಕಣವೊಂದನ್ನು ಮೆಲ್ಲಗೆ ಊದಿದಳು. ನನಗೆ ಸಿಕ್ಕ ಮೊದಲ ಅಕ್ಕರೆ ಅದು.

ಅರಸೀಕೆರೆಯಲ್ಲಿ ಕಾಲೇಜು ಓದುತ್ತಿದ್ದ ಸಿಂಚನ ನನ್ನ ಮೊದಲ ಒಡತಿ. ಹೊಸ ಫೋನು ಬಂದಾಗ ಅವಳು ನನ್ನನ್ನು ಮೂಲೆಗೆ ಹಾಕಲಿಲ್ಲ. ಒಳಗಿದ್ದುದನ್ನೆಲ್ಲ ಅಳಿಸಿ, ಹೊಸ ಕವರು ತೊಡಿಸಿ, ಕೆಳಮನೆಯ ವನಜಾಕ್ಷಮ್ಮನವರ ಕೈಗಿಟ್ಟಳು.

ವನಜಾಕ್ಷಮ್ಮನವರಿಗೆ ಕಡೂರಿನಲ್ಲಿ ಒಬ್ಬಳು ತಂಗಿ, ಮಣಿ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಶಾಲೆಗೂ ಯಾರೂ ಕಳಿಸಿರಲಿಲ್ಲ. ಗಂಡ ತೀರಿಹೋದ ಮೇಲೆ ಒಬ್ಬಳೇ ಇದ್ದಳು. ತಾಯಿ ತಂದೆ ಎಂದೋ ಹೋಗಿದ್ದರಿಂದ ಅಕ್ಕನಿಗೆ ತಂಗಿಯೇ ತವರು, ತಂಗಿಗೆ ಅಕ್ಕನೇ ತವರು. ಮಾತಾಡೋಣವೆಂದರೆ ಕಿವಿಯಿಲ್ಲ, ಬರೆಯೋಣವೆಂದರೆ ಅಕ್ಷರವಿಲ್ಲ. ವಿಡಿಯೊ ಕರೆಯಲ್ಲಿ ಮುಖ ನೋಡಿ ಕೈಸನ್ನೆ ಮಾಡೋಣವೆಂದರೆ ಮಣಿಯ ಬೀದಿಯಲ್ಲಿ ಅವಳ ಫೋನಿಗೆ ಸಿಗ್ನಲ್ ನಿಲ್ಲದು.

"ಬಾಗಿಲ ರಂಗೋಲಿ ಫೋಟೊ ಕಳ್ಸಿ ಆಂಟಿ, ಅವ್ರೂ ಕಳ್ಸ್ಲಿ" ಎಂದು ದಾರಿ ತೋರಿದವಳು ಸಿಂಚನ.

ಅಂದಿನಿಂದ ದಿನವೂ ಬೆಳಗಾಗುತ್ತಲೇ ಒಂದು ರಂಗೋಲಿ ಅರಸೀಕೆರೆಯಿಂದ ಹೋಗುತ್ತಿತ್ತು, ಒಂದು ಕಡೂರಿನಿಂದ ಬರುತ್ತಿತ್ತು. ಎದ್ದಿದ್ದೇನೆ, ಮನೆಯಲ್ಲಿ ಎಲ್ಲರೂ ಕ್ಷೇಮ ಎಂಬುದಷ್ಟೇ ಅದರ ಅರ್ಥ. ಮಣಿಯ ಗೆರೆಗಳು ಒಂದಿಷ್ಟೂ ನಡುಗುತ್ತಿರಲಿಲ್ಲ. ಅಕ್ಕನ ಗೆರೆ ಸೊಟ್ಟಗಾದ ದಿನ ಅವಳು ಮೂಗು ಮುರಿದ ತನ್ನ ಮುಖದ ಫೋಟೊ ಕಳಿಸುತ್ತಿದ್ದಳು. ಅಕ್ಕ ಅದನ್ನು ಗಂಡ ಶಿವರುದ್ರಪ್ಪನವರಿಗೂ ತೋರಿಸಿ ನಗುತ್ತಿದ್ದರು.

ಶಿವರುದ್ರಪ್ಪನವರು ಹೃದಯದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ವಾರವೇ ನಾನು ಕೈಕೊಟ್ಟೆ. ಫೋಟೊ ತೆಗೆದರೆ ಹೋಗದು, ಬಂದದ್ದು ತೆರೆಯದು. ವನಜಾಕ್ಷಮ್ಮ ನನ್ನನ್ನು ಸೆರಗಿನಿಂದ ಒರೆಸಿದರು, ಕಿಟಕಿಗೆ ಹಿಡಿದರು, ಆರಿಸಿ ಹಚ್ಚಿದರು. ಕೊನೆಗೆ ಬಸ್ ಸ್ಟ್ಯಾಂಡ್ ದಾರಿಯ ಖಲೀಲನ ರಿಪೇರಿ ಅಂಗಡಿಗೆ ಹೊತ್ತೊಯ್ದರು.

"ಫೋನ್ ಕೆಟ್ಟಿಲ್ಲಮ್ಮ, ಹೊಟ್ಟೆ ತುಂಬೋಗಿದೆ. ಈ ರಂಗೋಲಿ ಎಲ್ಲಾ ಅಳಿಸಿದ್ರೆ ಈಗ್ಲೇ ಹೋಗುತ್ತೆ."

"ಅಂಗಳದ್ದು ಹೆಂಗೂ ದಿನಾ ಅಳಿಸೋದೇ ಕಣಪ್ಪ. ಅವಳು ಹಾಕಿದ್ದು ಉಳಿದಿರೋದು ಇದರಲ್ಲೇ."

ಖಲೀಲ ಬೆರಳು ಹಿಂದಕ್ಕೆ ತೆಗೆದ. ತನ್ನ ಕಂಪ್ಯೂಟರು ರಿಪೇರಿಗೆ ಹೋಗಿದೆ, ಸೋಮವಾರ ಬಂದರೆ ಎಲ್ಲವನ್ನೂ ಅದರಲ್ಲಿ ಜೋಪಾನವಾಗಿ ಇಳಿಸಿಕೊಡುತ್ತೇನೆ ಎಂದ. ಮಣಿಯ ನೆರೆಯವರಿಗೆ ಫೋನ್ ಮಾಡಿ ಒಂದು ಮಾತು ಹೇಳಬಹುದಿತ್ತು. ಸೋಮವಾರ ಹೇಗೂ ಸರಿಹೋಗುತ್ತದಲ್ಲ ಎಂದು ವನಜಾಕ್ಷಮ್ಮ ಸುಮ್ಮನಾದರು. ಸಾವಾದ ಮನೆಯ ಮುಂದೆ ರಂಗೋಲಿ ಇಡುವುದಿಲ್ಲ ಎಂಬುದು ಅವರಿಗೂ ನೆನಪಾಗಲಿಲ್ಲ, ನನಗೂ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಮಣಿ ಬಾಗಿಲಲ್ಲಿ ನಿಂತಿದ್ದಳು. ಎಂದೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಕೂದಲು ಕೆದರಿತ್ತು, ಕಣ್ಣು ಊದಿತ್ತು. ಹೊಸಿಲ ಮುಂದಿನ ರಂಗೋಲಿ ಕಂಡು ಅಲ್ಲೇ ಕುಸಿದು ಕೂತಳು. ಪುಡಿಯನ್ನು ಬೆರಳಿಂದ ಮುಟ್ಟಿದಳು, ಒಳಗೆ ಕುರ್ಚಿಯಲ್ಲಿದ್ದ ಭಾವನನ್ನು ನೋಡಿದಳು, ಮತ್ತೆ ಪುಡಿಯನ್ನು ಮುಟ್ಟಿದಳು. ಅವಳ ಚೀಲದಿಂದ ಹೊಸ ಬಿಳಿ ಸೀರೆಯೊಂದು ಇಣುಕುತ್ತಿತ್ತು. ಗಂಡನನ್ನು ಕಳೆದುಕೊಂಡವಳಿಗೆ ತವರಿನವರು ತರುವ ಸೀರೆ ಅದು. ವನಜಾಕ್ಷಮ್ಮನವರಿಗೆ ಆಗ ಅರ್ಥವಾಯಿತು.

"ನನ್ನ ತಿಥಿ ಊಟಕ್ಕೆ ಬಂದವ್ಳೆ ಕಣೇ" ಎಂದು ಶಿವರುದ್ರಪ್ಪನವರು ನಕ್ಕರು. "ವಡೆ ಕರಿ, ಬರಿಹೊಟ್ಟೇಲಿ ಕಳಿಸ್ಬೇಡ."

ಅಕ್ಕ ತಂಗಿಯರು ನಗುತ್ತ ನಗುತ್ತ ಅತ್ತರು. ಆಮೇಲೆ ಅಕ್ಕ ನನ್ನನ್ನು ತೋರಿಸಿ, ಹೊಟ್ಟೆ ಉಬ್ಬಿಸಿ, ಇದು ತುಂಬಿಹೋಗಿದೆ, ಅದಕ್ಕೇ ಹೋಗುತ್ತಿಲ್ಲ ಎಂದು ಸನ್ನೆ ಮಾಡಿದರು. ಮಣಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ತನ್ನ ರಂಗೋಲಿಗಳನ್ನು ಒಂದೊಂದಾಗಿ ತೆರೆದು ಅಳಿಸತೊಡಗಿದಳು. ಅಕ್ಕ ಕೈ ಹಿಡಿದರೆ ಬಿಡಿಸಿಕೊಂಡಳು. ಅಂಗಳದತ್ತ ಬೆರಳು ತೋರಿದಳು, ಗುಡಿಸುವಂತೆ ಕೈಯಾಡಿಸಿದಳು, ಗಾಳಿಯಲ್ಲಿ ಚುಕ್ಕಿ ಇಟ್ಟಳು. ನಿನ್ನೆಯದನ್ನು ಗುಡಿಸದೆ ಇವತ್ತಿನದನ್ನು ಎಲ್ಲಿ ಇಡುವುದು ಎಂದು ಕೇಳುತ್ತಿದ್ದಳು. ಅಕ್ಕನ ಮೇಲಿನ ಪ್ರೀತಿಗೆ ತನ್ನನ್ನೇ ಅಳಿಸಿಕೊಂಡ ಕೈ ಅದು. ನನ್ನ ಮೈ ಹಗುರಾಯಿತು, ಮನಸ್ಸು ಹಗುರಾಗಲಿಲ್ಲ.

ಬಿಳಿ ಸೀರೆಯನ್ನು ವನಜಾಕ್ಷಮ್ಮ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಮಣಿ ಊರಿಗೆ ಮರಳಿದ ಮರುದಿನದಿಂದ ಮತ್ತೆ ಹೋಗುವ ರಂಗೋಲಿ, ಬರುವ ರಂಗೋಲಿ.

ಸಂಕ್ರಾಂತಿ ಕಳೆದು ಕೆಲ ದಿನಗಳಿಗೆ, ಒಂದು ಬೆಳಿಗ್ಗೆ ಕಡೂರಿನದು ಬರಲಿಲ್ಲ. ವನಜಾಕ್ಷಮ್ಮ ನನ್ನನ್ನು ಒರೆಸಿದರು, ಕಿಟಕಿಗೆ ಹಿಡಿದರು. ಖಲೀಲ ಅಂಗಡಿ ತೆರೆಯುವುದನ್ನೇ ಕಾದು ಒಳಹೋಗಿ, "ಮತ್ತೆ ಹೊಟ್ಟೆ ತುಂಬಿದೆ ನೋಡಪ್ಪ" ಎಂದರು.

ಅವನು ನೋಡಿದ. ಎಲ್ಲವನ್ನೂ ನೋಡಿದ. ಆಮೇಲೆ ತನ್ನ ಫೋನಿನಿಂದ ಮೇಜಿನ ಮೇಲಿನ ಟೀ ಲೋಟದ ಫೋಟೊ ತೆಗೆದು ಕಳಿಸಿದ. ಅದು ತಕ್ಷಣ ನನ್ನೊಳಗೆ ಬಂದು ನಿಂತಿತು. ನಾನು ಅಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು.

ಖಲೀಲ ಆಗಷ್ಟೇ ಎತ್ತಿದ ಷಟರನ್ನು ಮತ್ತೆ ಇಳಿಸಿದ. "ಬನ್ನಿ ಅಮ್ಮ, ಬಸ್ಸಿಗೆ ಬಿಡ್ತೀನಿ" ಎಂದು ಸ್ಕೂಟರು ತೆಗೆದ. ವನಜಾಕ್ಷಮ್ಮ ದಾರಿಯಲ್ಲಿ ಮನೆಯ ಹತ್ತಿರ ನಿಲ್ಲಿಸಲು ಹೇಳಿ, ಪೆಟ್ಟಿಗೆಯ ತಳದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡರು. ಕಡೂರಿಗೆ ಅರ್ಧ ದಾರಿಯಿರುವಾಗ ಮಣಿಯ ನೆರೆಯವರ ಕರೆ ಬಂತು. ಏನೆಂದು ಕೇಳಬೇಕಾದದ್ದೇ ಇರಲಿಲ್ಲ. ಅಕ್ಕನಿಗೆಂದು ಮಣಿ ತಂದಿದ್ದ ಸೀರೆಯನ್ನು, ತವರಿನ ಸೀರೆಯಾಗಿ, ಅಕ್ಕನೇ ಅವಳಿಗೆ ಹೊದಿಸಿದರು.

ಈಗ ನನಗೆ ವಯಸ್ಸಾಗಿದೆ. ಗಾಜು ಬಿರುಕು ಬಿಟ್ಟಿದೆ, ಚಾರ್ಜು ನಿಲ್ಲದು. ಕಿಟಕಿಯಲ್ಲಿ, ರಂಗೋಲಿ ಡಬ್ಬಿಯ ಪಕ್ಕ ನನ್ನ ವಾಸ. ಇಂದಿಗೂ ವನಜಾಕ್ಷಮ್ಮ ಅಂಗಳ ಗುಡಿಸಿ, ರಂಗೋಲಿ ಇಟ್ಟು, ನನ್ನಿಂದ ಒಂದು ಫೋಟೊ ತೆಗೆಸಿ ಮಣಿಗೆ ಕಳಿಸುತ್ತಾರೆ. ಅದರಡಿ ಹೋಯಿತೆಂಬ ಒಂದೇ ಟಿಕ್ ಬೀಳುತ್ತದೆ. ತಲುಪಿತೆಂಬ ಎರಡನೆಯದಕ್ಕೆ ಅವರು ತುಸು ಹೊತ್ತು ಕಾಯುತ್ತಾರೆ, ಆಮೇಲೆ ಕಾಫಿಗೆ ಹಾಲಿಡಲು ಒಳಗೆ ಹೋಗುತ್ತಾರೆ.

ಮಣಿ ತೆರವು ಮಾಡಿಕೊಟ್ಟ ಜಾಗ ನನ್ನೊಳಗೆ ಇನ್ನೂ ಬೇಕಾದಷ್ಟಿದೆ.