ಎಡಗಾಲಿನ ಹೆಬ್ಬೆರಳು

ಮೊಣಕಾಲು ಮಡಚುತ್ತಿರಲಿಲ್ಲ. ಮಲ್ಲಪ್ಪ ತೊಡೆ ಒತ್ತಿ ಹಿಡಿದಿದ್ದ, ಹನುಮಂತರಾಯ ಪಾದ ಹಿಡಿದು ಒಳಗೆಳೆಯುತ್ತಿದ್ದ. ನಿನ್ನೆಯಿಂದ ಆಸ್ಪತ್ರೆಯ ಕಲ್ಲುಬೆಂಚಿನ ಮೇಲೆ ಚಾಚಿಕೊಂಡು ಬಿದ್ದಿದ್ದ ವೀರಭದ್ರಪ್ಪನ ಕಾಲು ಯಾರ ಮಾತನ್ನೂ ಕೇಳುವಂತಿರಲಿಲ್ಲ.

"ಇನ್ನೊಂದು ಚರಿಗಿ ಬಿಸಿನೀರು ಹಾಕ್ರಿ," ಅಂದ ಮಲ್ಲಪ್ಪ. "ಮಲಗಿಸಿ ಮಣ್ಣು ಮಾಡೋ ಪದ್ಧತಿ ನಮ್ಮದಲ್ಲ. ಕುಂಡ್ರಪಾ ವೀರಭದ್ರ. ಇಪ್ಪತ್ತು ವರ್ಷ ನಮ್ಮ ಜೋಡಿ ಕುಂತೀದಿ, ಇನ್ನೊಮ್ಮಿ ಕುಂಡ್ರು."

ಮೂರನೇ ಚರಿಗೆಗೆ ಮೊಣಕಾಲು ಲಟಕ್ಕೆಂದು ಮಡಚಿತು. ನೀರು ಹಾಕುತ್ತಿದ್ದ ಪಕ್ಕದ ಕ್ವಾರ್ಟರ್ಸಿನ ಯಮುನಾಬಾಯಿ ಬಗ್ಗಿ ನೋಡಿದಳು.

"ಎಡಗಾಲಿನ ಹೆಬ್ಬೆರಳು ನೋಡ್ರಿ. ಉಗುರು ಕರ್ರಗಾಗೇತಿ. ಲಾರಿ ಗಾಲಿ ಹಾದಿರಬೇಕು, ಪಾಪ."

ಹನುಮಂತರಾಯ ಪಾದ ಬಿಟ್ಟುಬಿಟ್ಟ. ಆ ಉಗುರು ಕಪ್ಪಾಗಿ ಎಂಟು ವರ್ಷವಾಗಿತ್ತು. ಹಾಗೆ ಮಾಡಿದ್ದು ಲಾರಿಯಲ್ಲ.

ಮೂವರೂ ಗುಲ್ಬರ್ಗಾ ಕಡೆಯಿಂದ ಬಂದು ಪಟಾನ್‌ಚೆರು ಹತ್ತಿರದ ಒಂದು ಫ್ಯಾಕ್ಟರಿ ಸೇರಿದವರು. ರಜೆ ಸಿಕ್ಕಿತೆಂದರೆ ಗಂಟು ಕಟ್ಟಿಕೊಂಡು ತತ್ವಪದ ಹಾಡಲು ಹೊರಡುತ್ತಿದ್ದರು. ಹನುಮಂತರಾಯನದು ಏಕತಾರಿ ಮತ್ತು ಕಂಠ, ಮಲ್ಲಪ್ಪನದು ತಾಳ, ವೀರಭದ್ರಪ್ಪನದು ಗುಂಡನೆಯ ಚರ್ಮವಾದ್ಯ ದಮ್ಮಡಿ. ಕರೆದವರ ಮನೆಯ ಅಂಗಳ, ಮಿಲ್ಲಿನ ಗೇಟು, ಕಾಚಿಗುಡಾದ ಕನ್ನಡ ಸಭೆಯ ಸಣ್ಣ ಹಾಲ್, ಎಲ್ಲಿ ಜಮಖಾನ ಹಾಸಿದರೆ ಅದೇ ಅವರ ಸ್ಟೇಜು.

ವರಾಂಡದಲ್ಲಿ ಹೆಂಗಸರು ಪಿಸುಗುಡುತ್ತಿದ್ದರು.

"ಲಾರಿಯಾಂವ ನಾಕು ಸಲ ಹಾರ್ನ್ ಹೊಡದನಂತ. ಸರೀಲೇ ಇಲ್ಲಂತ."

"ಸರೀಲಿಲ್ಲ ಅಂದ್ರ ಏನರಿ ಅರ್ಥ? ಬೇಕಂತ ಹೋಗ್ಯಾನ. ಹೆಂಡ್ತಿ ಸತ್ತಾಗಿಂದ ಹಂಗ ಇದ್ದ."

ವೀರಭದ್ರಪ್ಪನ ಮಗಳು ನಲಿನಿ ಅದನ್ನೆಲ್ಲ ಕೇಳಿಸಿಕೊಂಡು ಎದ್ದು ಹಿತ್ತಲಿಗೆ ಹೋದಳು. ಸೇಡಂಗೆ ಕೊಟ್ಟ ಹುಡುಗಿ, ಎರಡು ದಿನ ಇರಲೆಂದು ತವರಿಗೆ ಬಂದವಳು. ಇಷ್ಟು ಹೊತ್ತಾದರೂ ಒಂದು ಹನಿ ಅತ್ತಿರಲಿಲ್ಲ. ಹನುಮಂತರಾಯ ಹಿಂದೆಯೇ ಹೋದ.

"ಕಾಕಾ, ಅಪ್ಪ ನನ್ನ ಮ್ಯಾಲೆ ಸಿಟ್ಟಿಲೆ ಹೋದ," ಅಂದಳು.

"ಯಾಕವ್ವ ಹಂಗಂತಿ?"

"ನಿನ್ನೆ ಮುಂಜಾನೆ ಅಂದೆ. ನೀ ಮಾತಾಡಿದ್ರ ಒದರತಿ, ನಮ್ಮತ್ತಿ ಮನ್ಯಾಗ ನಿನ್ನ ಅಣಕಿಸಿ ನಗತಾರ, ಸೇಡಂ ಕಡೆ ಬರಬ್ಯಾಡ ಅಂದೆ. ಏನೂ ಅನಲಿಲ್ಲ. ಡಬ್ಬಿ ತಗೊಂಡು ಡ್ಯೂಟಿಗೆ ಹೊಂಟ. ನಾ ಗೇಟಿನ ತನಕ ಓಡಿದೆ. ಅಪ್ಪಾ, ತಪ್ಪಾತು ಅಂದೆ. ಮೂರು ಸಲ ಅಂದೆ. ಹತ್ತು ಮಾರು ಮುಂದ ಇದ್ದ ಕಾಕಾ. ಹೊಳ್ಳಿ ನೋಡಲಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು. "ಆಮ್ಯಾಲೆ ಹಾರ್ನಿಗೂ ಸರೀಲಿಲ್ಲ."

*

ಎಂಟು ವರ್ಷದ ಹಿಂದೆ, ಎಂಬತ್ತಾರರಲ್ಲಿ, ಬೇಗಂ ಬಜಾರಿನ ಒಬ್ಬ ಸಗಟು ವ್ಯಾಪಾರಿಯ ಗೋದಾಮಿನಲ್ಲಿ ಅಮಾವಾಸ್ಯೆಯ ಭಜನೆ. ಸುತ್ತ ಮೆಣಸಿನಕಾಯಿ ಚೀಲಗಳು, ನಡುವೆ ಹಮಾಲರು, ಗುಮಾಸ್ತರು ಸೇರಿ ಇಪ್ಪತ್ತು ಜನ. ಅರ್ಧ ಮಂದಿ ಸೀನುತ್ತಿದ್ದರು. ಪದ ಮುಗಿಯಿತು. ಹನುಮಂತರಾಯ ಏಕತಾರಿ ಕೆಳಗಿಟ್ಟ. ದಮ್ಮಡಿ ನಿಲ್ಲಲಿಲ್ಲ. ವೀರಭದ್ರಪ್ಪ ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದ. ಇದೇನೋ ವಿಶೇಷ ವರಸೆಯೆಂದು ಸಾಹುಕಾರ "ವಾಹ್" ಎಂದ, ಎಲ್ಲರೂ ಚಪ್ಪಾಳೆ ಹೊಡೆದರು. ಕಣ್ಣು ಬಿಟ್ಟವನು ಕೆಳಗಿದ್ದ ಏಕತಾರಿ ನೋಡಿದ. ಅವನ ಮುಖದ ರಕ್ತ ಇಳಿದುಹೋದದ್ದನ್ನು ಹನುಮಂತರಾಯನೊಬ್ಬನೇ ಕಂಡ.

ಅಫ್ಜಲ್‌ಗಂಜ್ ಬಸ್‌ಸ್ಟ್ಯಾಂಡಿನಲ್ಲಿ, ಮಲ್ಲಪ್ಪ ಚಹಾ ತರಲು ಹೋದಾಗ, ವೀರಭದ್ರಪ್ಪ ಹೇಳಿದ: "ಎಡಗಿವಿ ಹೋಗಿ ವರ್ಷಾತು. ಬಲಗಿವಿನೂ ಹೊಂಟೈತಿ. ಹದಿನೆಂಟು ವರ್ಷ ಸುತ್ತಿಗಿ ಶಾಪಿನ ಸದ್ದಿನ್ಯಾಗ ನಿಂತ್ರ ಮತ್ತೇನಾಗತೈತಿ? ನಾಳೆ ಡಾಕ್ಟರಿಗೆ ತೋರಸ್ತೀನಿ."

ಮುಂದಿನ ತಿಂಗಳು ಕಾಚಿಗುಡಾದ ಸಭೆಯವರು ಮೊದಲ ಸಲ ಕರೆದಿದ್ದರು. ಕಿವಿಗೆ ಮಷೀನು ಸಿಕ್ಕಿಸಿಕೊಂಡ ದಮ್ಮಡಿಯವನನ್ನು ಯಾರು ಕರೆಯುತ್ತಾರೆ? ಹನುಮಂತರಾಯ ಅವನ ಬಲಗಿವಿಗೆ ಬಾಯಿ ಹಚ್ಚಿದ.

"ತೋರಸಬ್ಯಾಡ. ಯಾರಿಗೂ ಹೇಳಲೂ ಬ್ಯಾಡ. ನನ್ನ ಹಿಮ್ಮಡ ನಿನ್ನ ಹೆಬ್ಬೆರಳ ಮ್ಯಾಲೆ ಇಡತೀನಿ. ಒತ್ತಿದಂಗ ಬಾರಿಸು, ಎತ್ತಿದಾಗ ನಿಲ್ಲಸು."

ವೀರಭದ್ರಪ್ಪ ನಕ್ಕ. "ನನ್ನ ಕಿವಿ ನಿನ್ನ ಹಿಮ್ಮಡದಾಗ. ಛಲೋ ಸಂಸಾರ ಬಿಡು."

ಎಂಟು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಪಕ್ಕದಲ್ಲೇ ತಾಳ ಹಾಕುತ್ತಿದ್ದ ಮಲ್ಲಪ್ಪನಿಗೂ. ಬಲಗಿವಿಯೂ ಹೋದ ಮೇಲೆ ವೀರಭದ್ರಪ್ಪ ಎದುರಿಗಿದ್ದವರ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಉರುಸಿಗೆ ಹೋಗಿ ಕವ್ವಾಲಿ ಕೇಳುವಾಗ ಅಂಗೈಯನ್ನು ನೆಲಕ್ಕೆ ಊರಿ ಕೂರುತ್ತಿದ್ದ. ಡೋಲಕ್ ಅವನಿಗೆ ನೆಲದಿಂದ ಬರುತ್ತಿತ್ತು. ಮುದುಕ ಕವ್ವಾಲನೊಬ್ಬ ಅದನ್ನು ಭಕ್ತಿಯೆಂದು ತಿಳಿದು, "ಬಡೇ ಅದಬ್‌ವಾಲೇ ಹೈಂ ಆಪ್" ಎಂದು ಅವನ ವಿನಯ ಹೊಗಳಿದ್ದ. ಹಿಂದಿನಿಂದ ಬಂದದ್ದು ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ಹನುಮಂತರಾಯ ದಿನಾ ಅವನ ಜೊತೆಗೇ ಡ್ಯೂಟಿಗೆ ನಡೆಯುತ್ತಿದ್ದ, ರಸ್ತೆಯ ಕಡೆ ತಾನಿದ್ದುಕೊಂಡು.

ನಿನ್ನೆ ಹನುಮಂತರಾಯ ರಜೆ ಹಾಕಿದ್ದ.

*

"ನಿಮ್ಮಪ್ಪಗ ಕಿವಿ ಕೇಳತಿದ್ದಿಲ್ಲವ್ವ," ಅಂದ ಹನುಮಂತರಾಯ. "ನೀ ಹಿಂದಿಂದ ತಪ್ಪಾತು ಅಂದದ್ದು ಅವಗ ಮುಟ್ಟೇ ಇಲ್ಲ. ಹಾರ್ನೂ ಮುಟ್ಟಿಲ್ಲ."

ನಲಿನಿ ತಲೆ ಎತ್ತಲಿಲ್ಲ. "ಸಮಾಧಾನಕ್ಕ ಸುಳ್ಳು ಹೇಳಬ್ಯಾಡ್ರಿ ಕಾಕಾ. ಮಂದ ಇತ್ತು, ಗೊತ್ತೈತಿ. ಶಾಪಿನ್ಯಾಗ ಎಲ್ಲಾರದೂ ಮಂದ. ಪೂರ್ತಿ ಕಿವುಡಾದಾಂವ ದಮ್ಮಡಿ ಹೆಂಗ ಬಾರಿಸತಾನ? ಒಂದು ಪೆಟ್ಟರೆ ತಪ್ಪಿದ್ದು ನೋಡೀರೇನು ನೀವು?"

ಹಿಮ್ಮಡದ ಮಾತು ನಾಲಗೆ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಡಾಕ್ಟರ ಹತ್ತಿರ ಹೋಗಬೇಡ ಅಂದವರು ಯಾರು ಎಂಬುದನ್ನೂ ಹೇಳಬೇಕು.

"ಹೋಗ್ಲಿ ಬಿಡವ್ವ," ಅಂದ ಹನುಮಂತರಾಯ.

ಒಳಗಿನಿಂದ ಮಲ್ಲಪ್ಪ ಕರೆದ. "ಬಾರೋ, ಹೊತ್ತಾತು. ಎತ್ತೂಕಿಂತ ಮೊದಲ ಒಂದು ಪದ ಅಂದುಬಿಡೂಣು."

ಹೆಣವನ್ನು ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂರಿಸಿದ್ದರು, ಎಡಪಾದ ಮಾತ್ರ ಮತ್ತೆ ಹೊರಗೆ ಜಾರಿತ್ತು. ಹೊಲಿಗೆ ಕಾಣದಂತೆ ಹಣೆ ಮುಚ್ಚಿ ರುಮಾಲು, ಮೈತುಂಬ ವಿಭೂತಿ, ತೊಡೆಯ ಮೇಲೆ ದಮ್ಮಡಿ. ಎಡಮಗ್ಗುಲಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಯಾರೂ ಹೇಳದೆಯೇ ಹನುಮಂತರಾಯ ಹೋಗಿ ಅಲ್ಲಿ ಕೂತ, ಏಕತಾರಿ ಮೀಟಿದ.

ಎರಡನೇ ನುಡಿಗೆ ಬರುವಷ್ಟರಲ್ಲಿ ತಾಳ ಜಾರತೊಡಗಿತು. ದಮ್ಮಡಿಯಿಲ್ಲದೆ ಮಲ್ಲಪ್ಪನ ಕೈ ಒಂದು ಕಡೆ, ಪದ ಒಂದು ಕಡೆ. ಹನುಮಂತರಾಯ ಕಣ್ಣು ಮುಚ್ಚಿದ. ದನಿಯನ್ನು ಹಿಡಿದು ನಿಲ್ಲಿಸಿದ. ಪದ ಮತ್ತೆ ಹಾದಿಗೆ ಬಂತು. ಹಿಮ್ಮಡದ ಕೆಳಗೆ ಏನೋ ತಣ್ಣಗಿತ್ತು.

"ಏ ಹನುಮಂತರಾಯ," ಮಲ್ಲಪ್ಪ ತಾಳ ನಿಲ್ಲಿಸಿದ. "ಕಾಲು ತಗೀ. ಸತ್ತಾಂವಗ ಕಾಲು ಹಚ್ಚಿ ಒತ್ತಾಕತ್ತೀಯಲ್ಲೋ, ಬುದ್ಧಿಗಿದ್ಧಿ ಐತೇನು?"

ಕೆಳಗೆ ನೋಡಿದ. ಅವನ ಬಲಹಿಮ್ಮಡ ಕಪ್ಪು ಉಗುರಿನ ಮೇಲೆ, ಗುಣಿಗೆ ಗೂಟ ಕೂತಹಾಗೆ ಕೂತಿತ್ತು. ತೆಗೆಯಬೇಕೆಂದರೂ ಕಾಲು ಬರಲಿಲ್ಲ.

ನಲಿನಿ ಒಳಬಾಗಿಲಲ್ಲಿ ನಿಂತಿದ್ದಳು. ಉಗುರನ್ನು ನೋಡಿದಳು, ಹಿಮ್ಮಡವನ್ನು ನೋಡಿದಳು.

"ಸುತ್ತಿಗಿ ಬಿದ್ದೈತಿ ಅಂತಿದ್ದ ನನಗ," ಅಂದಳು. "ಎಷ್ಟು ವರ್ಷ ಆತು ಕಾಕಾ?"

"ಎಂಟು."

"ಕಿವಿ ಡಾಕ್ಟರಿಗೆ ತೋರಸಲಿಲ್ಲ?"

"ತೋರಸ್ತೀನಿ ಅಂದಿದ್ದ. ನಾ ಬ್ಯಾಡ ಅಂದೆ."

ಮಲ್ಲಪ್ಪನ ಕೈಯಲ್ಲಿದ್ದ ತಾಳ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿತು.

"ನಿನ್ನೆ ಮುಂಜಾನೆ ಎಲ್ಲಿದ್ರಿ?"

"ಕಾಚಿಗುಡಾಕ್ಕ ಹೋಗಿದ್ದೆ. ಪ್ರೋಗ್ರಾಂ ತಾರೀಖು ಕೇಳಾಕ."

ಹೊರಗೆ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದವರು ಹಗ್ಗ ಬಿಗಿಯುವುದು ಕೇಳುತ್ತಿತ್ತು. ನಲಿನಿ ಬಂದು ಕೂತಳು. ಹನುಮಂತರಾಯನ ಕಾಲನ್ನು ಎರಡೂ ಕೈಯಿಂದ ಎತ್ತಿ, ದಾರಿಗಡ್ಡ ಬಿದ್ದ ಕಟ್ಟಿಗೆಯನ್ನು ಸರಿಸುವಂತೆ, ಪಕ್ಕಕ್ಕಿಟ್ಟಳು. ಸೆರಗಿನಿಂದ ಅಪ್ಪನ ಹೆಬ್ಬೆರಳು ಒರೆಸಿದಳು. ಉಗುರಿನ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟಳು.

"ಪದ ಮುಗಸ್ರಿ," ಅಂದಳು. "ಮುಗದದ್ದು ಅವಗ ಗೊತ್ತಾಗಬೇಕಲ್ಲ."

ಹನುಮಂತರಾಯ ಬಿಟ್ಟಲ್ಲಿಂದ ಎತ್ತಿಕೊಂಡ. ಒಂದೊಂದು ಪೆಟ್ಟಿಗೂ ನಲಿನಿ ಒತ್ತುತ್ತಿದ್ದಳು, ಬಿಡುತ್ತಿದ್ದಳು. ಕೊನೆಯ ನುಡಿ ಬಂತು. ಮಲ್ಲಪ್ಪನ ತಾಳ ನಿಂತಿತು. ಹನುಮಂತರಾಯ ಏಕತಾರಿಯನ್ನು ಕೆಳಗಿಟ್ಟ. ಎತ್ತುವವರು ಬಂದು ಬಾಗಿಲಲ್ಲಿ ನಿಂತರು.

ನಲಿನಿಯ ಹೆಬ್ಬೆರಳು ಇನ್ನೂ ಒತ್ತುತ್ತಲೇ ಇತ್ತು.